ಬೀಗರಿಗೊಂದು ಟೋಪಿ

ಫೆಬ್ರುವರಿ 6

ಬೀಗರಿಗೆ ನಮಸ್ಕಾರಗಳು.

ನೀವು ಕಳಿಸಿದ ರಬ್ಬರ್ ಬುಡಗಳು ತಲುಪಿದವು. ಒಂದನ್ನು ನಮ್ಮವರ ಊರುಗೋಲಿಗೆ ಹಾಕಿದೆವು, ಉಳಿದವನ್ನು ಅಡುಗೆಮನೆಯ ಸ್ಟೂಲಿನ ಕಾಲುಗಳಿಗೆ. ಈಗ ಮನೆಯಲ್ಲಿ ಯಾರು ಎಲ್ಲಿದ್ದಾರೆಂದು ಸದ್ದಿನಿಂದ ತಿಳಿಯುವುದಿಲ್ಲ. ಮೊನ್ನೆ ನಮ್ಮವರು ಹಿಂದೆ ಬಂದು ನಿಂತದ್ದು ಗೊತ್ತಾಗದೆ ಬೆಚ್ಚಿಬಿದ್ದೆ. "ಬೀಗರು ನನ್ನನ್ನ ಕಳ್ಳನ್ನ ಮಾಡಿಬಿಟ್ಟರು ನೋಡು" ಎಂದು ಅವರಿಗೆ ಖುಷಿಯೋ ಖುಷಿ.

ಫೋನು ಮಾಡೋಣವೆಂದರೆ ಕಾರ್ಖಾನೆಯ ಯಂತ್ರ ನಿಮ್ಮ ಕಿವಿ ತಿಂದಿದೆಯೆಂದು ನಿಮ್ಮ ಮಗಳು ಹೇಳಿದ್ದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಯಸ್ಸು ಕಳೆದವಳು ನಾನು, ಕಾಗದ ಬರೆದು ಅಭ್ಯಾಸವಿಲ್ಲ. ತಪ್ಪಿದ್ದರೆ ಮನ್ನಿಸಿ.

ಪ್ರತಿಯಾಗಿ ನಿಮಗೇನಾದರೂ ಕೈಯಿಂದಲೇ ಮಾಡಿ ಕಳಿಸಬೇಕೆಂದು ಆಸೆ. ನನಗೆ ಬರುವುದು ಹೆಣಿಗೆಯೊಂದೇ. ಮನೆಯಲ್ಲಿ ಒಂದು ಚೀಲ ತುಂಬ ಉಣ್ಣೆಯಿದೆ, ಕೆನೆಬಣ್ಣದ್ದು, ಬಹಳ ಮೆತ್ತಗಿನದು. ಅದರಿಂದ ಏನು ಹೆಣೆಯಬೇಕೆಂದು ಮಾತ್ರ ಹೊಳೆಯುತ್ತಿಲ್ಲ. ಕಡ್ಡಿಗೆ ಕುಣಿಕೆ ಏರಿಸುತ್ತೇನೆ, ನಾಲ್ಕು ಸಾಲು ಹೋಗುತ್ತೇನೆ, ಬಿಚ್ಚುತ್ತೇನೆ. ನಮೂನೆಗಳ ಪುಸ್ತಕ ತೆಗೆದರೆ ಎಲ್ಲವೂ ಇನ್ಯಾರದೋ ಮನೆಯ ಫೋಟೊಗಳಂತೆ ಕಾಣುತ್ತವೆ. ಕೈ ಮರೆತಿಲ್ಲ. ಕೈಗೆ ಏನು ಹೇಳಬೇಕೆಂಬುದು ಮರೆತಿದೆ.

ನಿಮಗೆ ಟೋಪಿ ಹೆಣೆಯಬಹುದಿತ್ತು. ಗಂಡಿನ ಕಡೆಯವರು ಬೀಗರಿಗೆ ಟೋಪಿ ಹಾಕಿದರು ಅನ್ನುವ ಹೆಸರು ಬೇಡವೆಂದು ಬಿಟ್ಟೆ. ಇದು ನಮ್ಮವರ ಹಾಸ್ಯ, ನನ್ನದಲ್ಲ.

ಇಂತಿ,
ನಿಮ್ಮ ಬೀಗಿತ್ತಿ


ಫೆಬ್ರುವರಿ 19

ಬೀಗಿತ್ತಿಯವರಿಗೆ ನಮಸ್ಕಾರ.

ರಬ್ಬರ್ ಬುಡ ದೊಡ್ಡ ವಿಷಯವಲ್ಲ. ಇಲ್ಲಿ ಚೂರುಪಾರು ಬಿದ್ದಿರುತ್ತದೆ. ಪ್ರತಿಯಾಗಿ ಏನೂ ಬೇಡ.

ನೀವು ನಮೂನೆ ಹೊಳೆಯುತ್ತಿಲ್ಲವೆಂದು ಬರೆದದ್ದನ್ನು ಓದಿ ನಾನು ನಮ್ಮ ಷೆಡ್ಡಿನಲ್ಲಿ ಸುತ್ತ ನೋಡಿದೆ. ನಮ್ಮದು ಸವೆದ ಟೈರಿಗೆ ಹೊಸ ಪಟ್ಟಿ ಕೂರಿಸುವ ಕೆಲಸ. ಮೊದಲು ಹಳೆಯದನ್ನು ಉಜ್ಜಿ ತೆಗೆಯಬೇಕು, ಆಮೇಲೆ ಹೊಸದು ಹಚ್ಚಿ ಬೇಯಿಸಬೇಕು. ಉಜ್ಜುವ ಮೊದಲು ಪ್ರತಿಯೊಂದನ್ನೂ ಪರೀಕ್ಷಿಸುವವನು ನಾನು. ದಿನವಿಡೀ ನೋಡುವುದು ಗೀರುಗಳನ್ನೇ. ಅವು ನಮೂನೆಗಳೆಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ಅನ್ನಿಸಿರಲಿಲ್ಲ. ನಿಮ್ಮ ಕಾಗದ ಜೇಬಿನಲ್ಲಿಟ್ಟುಕೊಂಡು ನೋಡಿದಾಗ ಅನ್ನಿಸಿತು.

ಟೈರಿನ ಮೇಲೆ ಹಾಳೆಯಿಟ್ಟು ಪೆನ್ಸಿಲನ್ನು ಅಡ್ಡಹಿಡಿದು ಉಜ್ಜಿ ಎರಡು ಅಚ್ಚು ತೆಗೆದಿದ್ದೇನೆ. ಮೊದಲನೆಯದು ಗುಡ್ಡ ಹತ್ತುವ ಲಾರಿಯದು, ಬಾಣದ ತುದಿಗಳಂತೆ ಕಾಣುತ್ತದೆ. ಎರಡನೆಯದು ಊರೊಳಗೇ ತಿರುಗುವ ಬಸ್ಸಿನದು. ಚಕ್ರ ಓರೆಯಾಗಿ ಕೂತಿದ್ದರಿಂದ ಒಂದು ಪಕ್ಕ ಗೀರು ಹಾಗೇ ಇದೆ, ಇನ್ನೊಂದು ಪಕ್ಕ ನನ್ನ ತಲೆಯಂತೆ ನುಣ್ಣಗಾಗಿದೆ. ಕೆಟ್ಟ ಟೈರು, ಆದರೂ ಕಳಿಸುತ್ತಿದ್ದೇನೆ.

ಕೆನೆಬಣ್ಣದ ಉಣ್ಣೆ ಸದ್ಯಕ್ಕೆ ಹಾಗೇ ಇರಲಿ. ಬೇರೆ ಬಣ್ಣದಲ್ಲಿ ಶುರುಮಾಡಿ.

ಮತ್ತೇನೂ ವಿಶೇಷವಿಲ್ಲ.

ಇಂತಿ,
ನಿಮ್ಮ ಬೀಗ


ಮಾರ್ಚ್ 10

ಬೀಗರಿಗೆ ನಮಸ್ಕಾರಗಳು.

ನಿಮ್ಮ ಕೆಟ್ಟ ಟೈರೇ ಕೆಲಸಕ್ಕೆ ಬಂತು. ಲಾರಿಯ ಬಾಣಗಳನ್ನು ಹೆಣೆದು ನೋಡಿದೆ, ಅಚ್ಚುಕಟ್ಟಾಗಿ ಬಂದವು, ಅಷ್ಟೇ. ಬಸ್ಸಿನದನ್ನು ಮೇಜಿನ ಮೇಲೆ ಹರಡಿಕೊಂಡು ಕೂತೆ. ಗೀರುಗಳು ಎಲ್ಲಿ ಸವೆಯಲು ತೊಡಗಿದವು, ಎಲ್ಲಿ ಪೂರ್ತಿ ಹೋದವು ಎಂದು ಹುಡುಕುವುದರಲ್ಲಿ ಒಂದು ಮಧ್ಯಾಹ್ನ ಕಳೆಯಿತು. ಅಂಥ ಜಾಗ ಸಿಗುವುದೇ ಇಲ್ಲ. ಮಾಯವಾದ ಮೇಲೆ ಮಾತ್ರ ಮಾಯವಾಗಿದೆಯೆಂದು ಕಾಣುತ್ತದೆ.

ಬೂದುಬಣ್ಣದಲ್ಲಿ ತುದಿಮೊದಲಿಲ್ಲದ ಮಫ್ಲರ್ ಹೆಣೆದೆ. ಸುತ್ತಿಕೊಳ್ಳುವುದಲ್ಲ, ತಲೆಯಿಂದ ಕೊರಳಿಗೆ ಇಳಿಸಿಕೊಳ್ಳುವುದು. ಮುಂದೆ ಗೀರು ಎದ್ದು ಕಾಣುತ್ತದೆ, ಹಿಂದಕ್ಕೆ ಹೋಗುತ್ತ ಬರೀ ನುಣುಪು. ಮುಗಿಸಿದಾಗ ನನಗೇ ನಂಬಿಕೆ ಬರಲಿಲ್ಲ. ಎಷ್ಟು ದಿನಗಳ ಮೇಲೆ ಒಂದು ಹೆಣಿಗೆ ಬಿಚ್ಚದೆ ಉಳಿಯಿತು. ನಮ್ಮವರು ಹಾಕಿಕೊಂಡು ಕನ್ನಡಿ ನೋಡಿ, "ಗಾಳಿ ಹೊಡೆಸು, ಓಡ್ತೀನಿ" ಅಂದರು.

ಅದೇ ಥರದ ಇನ್ನೊಂದನ್ನು ಇದರ ಜೊತೆ ಕಳಿಸುತ್ತಿದ್ದೇನೆ. ನಿಮ್ಮಲ್ಲಿ ಯಾರಿಗೆ ಬೇಕೋ ಕೊಡಿ. ಇನ್ನಷ್ಟು ಅಚ್ಚುಗಳನ್ನು ಕಳಿಸಿ, ಆದಷ್ಟೂ ಸವೆದವು. ಟೋಪಿ ಬೇಕಾದ ತಲೆ ಯಾವುದಾದರೂ ಇದ್ದರೆ ಅಳತೆ ಕಳಿಸಿ. ಕಿವಿಗಳ ಮೇಲಿಂದ ಒಂದು ದಾರ ಸುತ್ತಿ, ಎರಡು ತುದಿ ಸೇರುವಲ್ಲಿ ಕತ್ತರಿಸಿದರಾಯಿತು. ಅಂಗುಲ, ಸೆಂಟಿಮೀಟರಿನ ಲೆಕ್ಕ ನನಗೆ ಬೇಡ. ದಾರ ಕೈಯಲ್ಲಿದ್ದರೆ ತಲೆಯೇ ಕೈಯಲ್ಲಿದ್ದಂತೆ.

ನಿಮ್ಮ ಬೀಗಿತ್ತಿ


ಏಪ್ರಿಲ್ 2

ಬೀಗಿತ್ತಿಯವರಿಗೆ ನಮಸ್ಕಾರ.

ಮಫ್ಲರನ್ನು ಉಜ್ಜುವ ಯಂತ್ರದವನಿಗೆ ಕೊಟ್ಟೆ. ಈ ಸೆಖೆಯಲ್ಲೂ ಹಾಕಿಕೊಂಡು ಬಂದ. ತಿರುಗುವ ಯಂತ್ರದ ಹತ್ತಿರ ಕೊರಳಿಗೆ ಏನೂ ಇರಕೂಡದೆಂದು ಮೇಸ್ತ್ರಿ ಬಿಚ್ಚಿಸಿದ. ಈಗ ಚಹಾದ ಹೊತ್ತಿಗೆ ಮಾತ್ರ ಹಾಕಿಕೊಳ್ಳುತ್ತಾನೆ, ಮದುವೆಮನೆಗೆ ಹೊರಟವನಂತೆ. ಬೇರೆಯವರಿಗೆ ಹೊಟ್ಟೆಯುರಿ. "ಸಾರ್, ನಿಮ್ಮ ಬೀಗಿತ್ತಿಗೆ ನಮ್ಮನ್ನೂ ನೆಂಟರು ಅಂತ ಬರೀರಿ" ಅನ್ನುತ್ತಾರೆ.

ಕೆಲವು ಹೊಸ ಅಚ್ಚುಗಳಿವೆ. ಎಲ್ಲವೂ ಸವೆದವೇ.

ಇನ್ನೊಂದು ಮಾತು, ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ಹಾಳೆಗಳ ನಡುವೆ ಒಂದು ತಲೆಯ ಅಳತೆ ಇಟ್ಟಿದ್ದೇನೆ. ಕೈಗೆ ದಾರ ಸಿಗಲಿಲ್ಲ, ಟ್ಯೂಬಿನಿಂದ ಕತ್ತರಿಸಿದ ಸಣ್ಣ ಪಟ್ಟಿ. ಯಾರ ತಲೆಯೆಂದು ದಯವಿಟ್ಟು ಕೇಳಬೇಡಿ. ಹೆಣ್ಣು ಕೊಟ್ಟವನು ಇಂಥದ್ದನ್ನು ಬಾಯಿಬಿಟ್ಟು ಹೇಳುವುದು ಚೆನ್ನಾಗಿರುವುದಿಲ್ಲ. ಕೂದಲಿಲ್ಲದ ತಲೆ, ಮೆತ್ತಗಿನ ಉಣ್ಣೆಯಾದರೆ ಒಳ್ಳೆಯದು. ಅವಸರವಿಲ್ಲ, ಚಳಿ ಬೀಳುವ ಹೊತ್ತಿಗೆ ಬೇಕಾಗುತ್ತದೆ. ನಾನು ಹೇಳಿದೆನೆಂದು ಮಗಳಿಗೆ ತಿಳಿಯುವುದು ಬೇಡ.

ಇಷ್ಟೇ ವಿಶೇಷ.

ನಿಮ್ಮ ಬೀಗ


ಏಪ್ರಿಲ್ 20

ಬೀಗರಿಗೆ ನಮಸ್ಕಾರಗಳು.

ಪಟ್ಟಿ ಸಿಕ್ಕಿತು. ಮೊಣಕಾಲಿನ ಮೇಲೆ ಸುತ್ತಿ ನೋಡಿದೆ. ಯಾರದೆಂದು ಕೇಳುವುದಿಲ್ಲ. ಕೇಳಬೇಕಾಗಿಯೂ ಇಲ್ಲ. ವಿಶೇಷ ಎಂಬ ಮಾತನ್ನು ಹಾಗೆ ಕೊನೆಯಲ್ಲಿ, ಏನೂ ಅಲ್ಲವೆಂಬಂತೆ ಬರೆದಿರಲ್ಲ, ಅದು ನಿಮ್ಮ ದೊಡ್ಡತನ.

ಆ ಕೆನೆಬಣ್ಣದ ಉಣ್ಣೆ ಯಾವುದೆಂದು ನಿಮಗೆ ಗೊತ್ತಿದೆಯೋ ಇಲ್ಲವೋ. ಹೋದ ವರ್ಷಕ್ಕೆ ಹಿಂದಿನ ವರ್ಷ ಮಗ ಫೋನಿನಲ್ಲಿ ಹೇಳಿದ ಮಾರನೆಯ ದಿನವೇ ಅಂಗಡಿಗೆ ಹೋಗಿ ತಂದದ್ದು. ಅವಳಿಗೆ ಹೊಟ್ಟೆ ಕಾಣಿಸಿಕೊಳ್ಳುವ ಮೊದಲೇ ಒಂದು ಪೆಟ್ಟಿಗೆ ತುಂಬ ಹೆಣೆದು ಕಳಿಸಿದೆ, ಕಾಲುಚೀಲ, ಅಂಗಿ, ಟೋಪಿ. ಆ ಮಗು ಬರಲಿಲ್ಲ. ಪೆಟ್ಟಿಗೆ ವಾಪಸ್ಸು ಬಂತು. "ಸದ್ಯ ನಿನ್ನ ಹತ್ತಿರಾನೇ ಇರಲಿ ಅಮ್ಮ" ಎಂದು ಮಗ ಹೇಳಿದ. ಇಟ್ಟುಕೊಳ್ಳಲೂ ಆಗಲಿಲ್ಲ, ಯಾರಿಗಾದರೂ ಕೊಡಲೂ ಆಗಲಿಲ್ಲ. ಒಂದೊಂದನ್ನಾಗಿ ಬಿಚ್ಚಿ ಉಂಡೆ ಸುತ್ತಿದೆ. ಬಿಚ್ಚಿದ ಉಣ್ಣೆ ತಾನು ಏನಾಗಿತ್ತೆಂಬುದನ್ನು ಬೇಗ ಮರೆಯುವುದಿಲ್ಲ, ಸುರುಳಿ ಸುರುಳಿಯಾಗಿ ನಿಲ್ಲುತ್ತದೆ.

ನಿನ್ನೆ ಅದನ್ನು ತೊಳೆದು, ಭಾರ ಕಟ್ಟಿ, ಹಗ್ಗದ ಮೇಲೆ ಒಣಹಾಕಿದೆ. ಈಗ ನೆಟ್ಟಗಾಗಿದೆ. ಇದೂ ನಿಮ್ಮಿಂದಲೇ ಆದದ್ದು.

ನಿಮ್ಮ ಬೀಗಿತ್ತಿ


ಮೇ 18

ಬೀಗರಿಗೆ ನಮಸ್ಕಾರಗಳು.

ನಿಮ್ಮಿಂದ ಉತ್ತರ ಬರಲಿಲ್ಲ. ಕೆಲಸ ಹೆಚ್ಚಿರಬಹುದು.

ಭಾನುವಾರ ಮಗ ಫೋನು ಮಾಡಿದ್ದ. "ಏನಪ್ಪಾ ವಿಶೇಷ?" ಎಂದೆ. "ಏನಿಲ್ಲಮ್ಮ" ಎಂದ. ಎರಡರ ನಡುವೆ ಒಂದು ಉಸಿರಿನಷ್ಟು ಜಾಗ ಬಿಟ್ಟಿತ್ತು. ಎಕ್ಸ್‌ಚೇಂಜಿನಲ್ಲಿ ಕೂತು ನಾನು ಕಲಿತದ್ದು ಅಂಥ ಜಾಗಗಳನ್ನು ಕೇಳಿಸಿಕೊಳ್ಳುವುದನ್ನೇ. ನಾನೂ ಏನೂ ಕೇಳಲಿಲ್ಲ. ನಿಮಗೆ ಹೇಳಿದ್ದಾರೆ, ನನಗೆ ಹೇಳಿಲ್ಲ. ಕಾರಣ ನನಗೆ ಗೊತ್ತು, ಆ ಪೆಟ್ಟಿಗೆ. ಹೊಟ್ಟೆಯುರಿ ಆಗಲಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ಹೆಚ್ಚಿಗೆ ನೆಮ್ಮದಿಯಾಯಿತು.

ಟೋಪಿಯನ್ನು ಇದರ ಜೊತೆ ಇಟ್ಟಿದ್ದೇನೆ. ಎಲ್ಲೂ ಹೊಲಿಗೆಯಿಲ್ಲ, ಒತ್ತುವುದಿಲ್ಲ. ಅಂಚಿನಲ್ಲಿ ಮಾತ್ರ ನಿಮ್ಮ ಬಸ್ಸಿನ ಗೀರಿನ ಒಂದು ಸಾಲು. ಅಜ್ಜನ ಕಡೆಯದು ಏನಾದರೂ ಇರಲಿ ಎಂದು. ಈಗಲೇ ಯಾರಿಗೂ ತೋರಿಸಬೇಡಿ, ಅವಳಿಗಂತೂ ಬೇಡವೇ ಬೇಡ. ಎಲ್ಲ ಸುಸೂತ್ರವಾಗಿ ಆದ ಮೇಲೆ ನೀವೇ ಕೊಡಿ. ನಾನು ಹೆಣೆದದ್ದೆಂದು ಹೇಳದಿದ್ದರೂ ನಡೆಯುತ್ತದೆ.

ನಿಮ್ಮ ಬೀಗಿತ್ತಿ


ಜೂನ್ 24

ಬೀಗಿತ್ತಿಯವರಿಗೆ ನಮಸ್ಕಾರ.

ಪಾರ್ಸೆಲ್ ತಲುಪಿ ಬಹಳ ದಿನವಾಯಿತು. ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಟೋಪಿ ಚೆನ್ನಾಗಿದೆ. ನೀವು ಹೇಳಿದಂತೆ ಬೀರುವಿನಲ್ಲಿಟ್ಟಿದ್ದೇನೆ.

ಅವಳ ತಾಯಿ ಹೋದಾಗಿನಿಂದ ಮಗಳು ನನಗೆ ಎಲ್ಲವನ್ನೂ ಹೇಳುತ್ತಿದ್ದಳು. ಸೈಕಲ್ಲಿನಿಂದ ಬಿದ್ದದ್ದು, ಪರೀಕ್ಷೆಯಲ್ಲಿ ಫೇಲಾದದ್ದು, ನಿಮ್ಮ ಮಗನನ್ನು ಇಷ್ಟಪಟ್ಟದ್ದು. ಜೋರಾಗಿ ಹೇಳುತ್ತಿದ್ದಳು, ನನ್ನ ಕಿವಿಯ ದೆಸೆಯಿಂದ. ಇರಲಿ. ತಿಳಿಯಬೇಕಾದವರಿಗೆ ತಿಳಿದಿದೆ, ಅಷ್ಟು ಸಾಕು.

ಅವಳಿಗೊಂದು ಕಾಗದ ಹಾಕಿದೆ. ನೀರಿನ ಬಕೆಟ್ ಎತ್ತಬೇಡ, ಸ್ಟೂಲು ಹತ್ತಬೇಡ, ಅಷ್ಟೇ ಬರೆದೆ. ಟೋಪಿಯ ವಿಷಯ ಬರೆಯಲಿಲ್ಲ.

ನಿಮ್ಮ ಬೀಗ


ಜುಲೈ 8

ಬೀಗರಿಗೆ,

ಈ ಕಾಗದವನ್ನು ಮೂರು ಸಲ ಶುರುಮಾಡಿ ಹರಿದೆ. ನೇರವಾಗಿ ಕೇಳಿಬಿಡುತ್ತೇನೆ.

ಮಗ ಫೋನು ಮಾಡಿದ್ದ, ಭಾನುವಾರವಲ್ಲದ ದಿನ. "ಅಮ್ಮ, ಅವಳ ಅಪ್ಪನಿಗೆ ನೀನೇನು ಬರೆದೆ?" ಎಂದ. ನಾನೇನೂ ಬರೆಯಲಿಲ್ಲ, ಅವರೇ ನನಗೆ ತಿಳಿಸಿದ್ದು ಎಂದೆ. "ಅವರಿಗೆ ಗೊತ್ತೇ ಇಲ್ಲಮ್ಮ. ನಾವು ಯಾರಿಗೂ ಹೇಳಿಲ್ಲ" ಎಂದ. ಬಕೆಟ್ ಎತ್ತಬೇಡ ಎಂಬ ನಿಮ್ಮ ಕಾಗದ ಓದಿ ಹುಡುಗಿ ಬಿಳಿಚಿಕೊಂಡಳಂತೆ. ಇವನೇ ಗುಟ್ಟಾಗಿ ನನಗೆ ಹೇಳಿರಬೇಕು, ನಾನು ನಿಮಗೆ ಮುಟ್ಟಿಸಿರಬೇಕು ಎಂದು ಅವಳ ಲೆಕ್ಕ. ಇವನು ಆಣೆಯಿಟ್ಟರೂ ನಂಬುತ್ತಿಲ್ಲ. ಮಾತು ಬಿಟ್ಟು ಕೂತಿದ್ದಾಳೆ, ಊಟವೂ ಅಷ್ಟಕ್ಕಷ್ಟೇ. ಡಾಕ್ಟರು ಮನಸ್ಸು ಹಗುರವಾಗಿರಬೇಕು ಅಂದಿದ್ದಾರಂತೆ. "ನಿನ್ನ ಟೋಪಿ, ಕಾಲುಚೀಲ ಎಲ್ಲ ಈ ಸಲವಾದರೂ ಬಿಟ್ಟುಬಿಡು ಅಮ್ಮ" ಎಂದು ಮಗ ಫೋನು ಇಟ್ಟ.

ಹಾಗಾದರೆ ನಿಮಗೆ ಹೇಳಿದವರು ಯಾರು? ಆ ಅಳತೆ ಎಲ್ಲಿಂದ ಬಂತು? ಇನ್ನೂ ಹುಟ್ಟದ ತಲೆಗೆ ಅಳತೆ ಎಲ್ಲಿಯದೆಂದು ನನಗೆ ಆಗಲೇ ಹೊಳೆಯಬೇಕಿತ್ತು. ಯಾವುದೋ ಎಳೆಮಗುವಿನ ತಲೆಗೆ ಸುತ್ತಿ ಅಂದಾಜು ಕಳಿಸಿದ್ದೀರಿ ಎಂದುಕೊಂಡಿದ್ದೆ. ನಿಮ್ಮ ಪಟ್ಟಿಯನ್ನು ಇದರಲ್ಲೇ ಇಟ್ಟಿದ್ದೇನೆ. ನೋಡಿ, ಇದು ಯಾರದೆಂದು ಈಗ ಹೇಳಿ.

ಅವಳಿಗೆ ಏನಾದರೂ ಆದರೆ ನಾನು ಮತ್ತೆ ಕಡ್ಡಿ ಹಿಡಿಯುವುದಿಲ್ಲ.


ಜುಲೈ 19

ಬೀಗಿತ್ತಿಯವರಿಗೆ,

ಮೊದಲು ಮುಖ್ಯವಾದದ್ದು. ಹುಡುಗಿ ಚೆನ್ನಾಗಿದ್ದಾಳೆ. ನಿನ್ನೆ ಕಣ್ಣಾರೆ ನೋಡಿ ಬಂದೆ. ಇಬ್ಬರೂ ಮಾತಾಡುತ್ತಿದ್ದಾರೆ, ಬೇಕಾದ್ದಕ್ಕಿಂತ ಹೆಚ್ಚಾಗಿಯೇ.

ಇನ್ನು ಪಟ್ಟಿಯ ವಿಷಯ. ನಿಮ್ಮ ಲಕೋಟೆಯಿಂದ ಅದು ಮೇಜಿನ ಮೇಲೆ ಬಿದ್ದಾಗ ಇಷ್ಟು ಚಿಕ್ಕದಾಗಿತ್ತೇ ಎಂದುಕೊಂಡೆ. ತಲೆಗೆ ಸುತ್ತಿದೆ. ಎರಡು ತುದಿ ಹಿಡಿದು ಎಳೆದಾಗ ನೆಟ್ಟಗೆ ಬಂದು ಸೇರಿದವು. ಕೈ ಬಿಟ್ಟೆ, ಮತ್ತೆ ಮುದುಡಿತು. ಆಗ ಅರ್ಥವಾಯಿತು. ಅದು ನನ್ನದೇ ತಲೆ ಕಣ್ರೀ. ಉಜ್ಜುವವನಿಂದ ಬಿಗಿಯಾಗಿ ಹಿಡಿಸಿ, ಹಾಗೇ ಕತ್ತರಿಸಿ, ಲಕೋಟೆಗೆ ಹಾಕಿದ್ದೆ. ಆಯಸ್ಸೆಲ್ಲ ರಬ್ಬರಿನಲ್ಲೇ ಕಳೆದವನಿಗೆ ರಬ್ಬರು ಮುದುಡುತ್ತದೆಂಬುದು ಮರೆತುಹೋಯಿತು. ನಮ್ಮಲ್ಲಿ ಊಟದ ಡಬ್ಬಿ ಕಟ್ಟುವುದರಿಂದ ಹಿಡಿದು ಕನ್ನಡಕ ನಿಲ್ಲಿಸುವವರೆಗೆ ಎಲ್ಲಕ್ಕೂ ಟ್ಯೂಬಿನ ಪಟ್ಟಿಯೇ. ನನಗೆ ಅದೇ ದಾರ. ಷೆಡ್ಡಿನಲ್ಲಿ ಹೇಳಿದ್ದಕ್ಕೆ ಉಜ್ಜುವವನು ಯಂತ್ರ ನಿಲ್ಲಿಸಿ ನಕ್ಕ.

ನನ್ನ ಬೋಳುತಲೆಗೆ ಚಳಿಗಾಲಕ್ಕೊಂದು ಟೋಪಿ ಬೇಕಿತ್ತು, ಅಷ್ಟೇ. ಬೀಗಿತ್ತಿಯ ಹತ್ತಿರ ಕೇಳಲು ನಾಚಿಕೆಯಾಗಿ ಸುತ್ತಿಬಳಸಿ ಬರೆದೆ. ಆ ಉಣ್ಣೆಯ ಕಥೆಯನ್ನು ನೀವು ಬರೆದಾಗ, ನನ್ನ ತಲೆಗೆ ಆ ಉಣ್ಣೆ ಯಾಕೆಂದು ಕಸಿವಿಸಿಯಾಯಿತು. ದುಃಖದಲ್ಲಿರುವವರನ್ನು ಏನೆಂದು ಕೇಳುವುದೆಂದು ಉತ್ತರವನ್ನೇ ಬರೆಯಲಿಲ್ಲ. ಪಾರ್ಸೆಲ್ ಬಿಚ್ಚಿದರೆ ಅಂಗೈಯಲ್ಲಿ ನಿಲ್ಲುವ ಟೋಪಿ, ಅಜ್ಜನ ಕಡೆಯದು ಎಂಬ ಮಾತು. ಮಗಳು ಅತ್ತೆಗೆ ಹೇಳಿದ್ದಾಳೆ, ನನಗೆ ಹೇಳಿಲ್ಲ ಎಂದುಕೊಂಡೆ. "ನಿಮಗೆ ಹೇಳಿದ್ದಾರೆ, ನನಗೆ ಹೇಳಿಲ್ಲ" ಎಂದು ನೀವು ಬರೆದಿದ್ದ ಸಾಲು ನನ್ನ ಮನಸ್ಸು ಸಮಾಧಾನ ಮಾಡುವ ಉಪಾಯವೆಂದು ಬಗೆದೆ. ಒಂದು ತಿಂಗಳು ಆ ಟೋಪಿಯನ್ನು ಬೀರುವಿನಿಂದ ತೆಗೆಯುವುದು, ನೋಡುವುದು, ಒಳಗಿಡುವುದು. ಸಂತೋಷಪಡಬೇಕೋ ಬೇಡವೋ ಎಂದು ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ.

ನಿಮ್ಮ ಕಾಗದ ಬಂದ ಮಾರನೆಯ ದಿನ ರಜೆ ಹಾಕಿ ಬಸ್ಸು ಹತ್ತಿದೆ. ಟೋಪಿ ಜೇಬಿನಲ್ಲಿತ್ತು. ಅವರ ಮನೆ ಮಹಡಿಯ ಮೇಲೆ, ಉದ್ದದ ಮೊಗಸಾಲೆಯಲ್ಲಿ ಬಾಗಿಲ ಪಕ್ಕ ಬಾಗಿಲು. ಅವಳೇ ತೆಗೆದಳು. ನನ್ನನ್ನು ನೋಡಿ, ಅಕ್ಕಪಕ್ಕ ನೋಡಿ, ಮೆಲ್ಲಗೆ ಏನೋ ಕೇಳಿದಳು.

"ಹಾಂ?" ಎಂದೆ.

ಮತ್ತೆ ಏನೋ ಅಂದಳು. ತುಟಿ ಮಾತ್ರ ಆಡಿತು.

"ಸರಿಯಾಗಿ ಹೇಳಮ್ಮ. ನಾನು ನಿಮ್ಮತ್ತೆ ಅಲ್ಲ, ಉಸಿರು ಕೇಳಿಸಿಕೊಳ್ಳೋಕೆ."

"ನಿನಗೆ ಯಾರು ಹೇಳಿದ್ದು ಅಂದೆ ಅಪ್ಪಾ!"

"ಏನಂತ?"

"ಐದು ತಿಂಗಳು ಅಂತ!"

ಇಷ್ಟು ನನಗೆ ಕೇಳಿಸಿತು. ನನಗೊಬ್ಬನಿಗೇ ಅಲ್ಲ. ಎದುರಿನ ಬಾಗಿಲು ತೆರೆಯಿತು. ಮೇಲಿನ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಬಗ್ಗಿ, "ಒಳ್ಳೇದಾಗಲಿ ಕಣಮ್ಮ" ಅಂದರಂತೆ. ಅದನ್ನು ಆಮೇಲೆ ಅಳಿಯ ನನ್ನ ಕಿವಿಯ ಹತ್ತಿರ ಬಂದು ಹೇಳಿದ. ಹುಡುಗಿ ಬಾಯಿಗೆ ಕೈಯಿಟ್ಟು ನಿಂತವಳು ನಗತೊಡಗಿದಳು. ನಕ್ಕು ನಕ್ಕು ಹೊಸಿಲಿನ ಮೇಲೇ ಕೂತಳು. ಅಳುತ್ತಿದ್ದಾಳೋ ಎಂದು ನಾನು ಗಾಬರಿಯಿಂದ ಬಗ್ಗಿ ನೋಡಬೇಕಾಯಿತು.

ಆಮೇಲೆ ಒಳಗೆ ಕೂತು ನಿಧಾನವಾಗಿ, ಗಟ್ಟಿಯಾಗಿ ಹೇಳಿದಳು. ಅದನ್ನು ಹೇಗಿದೆಯೋ ಹಾಗೇ ಬರೆಯುತ್ತೇನೆ. "ಹೇಳೋದು ಕಷ್ಟ ಅಲ್ಲ ಅಪ್ಪಾ. ಹೋದ ಸಲ ಒಬ್ಬೊಬ್ಬರಿಗೂ ಮತ್ತೆ ಇಲ್ಲ ಅಂತ ಹೇಳಬೇಕಾಯ್ತಲ್ಲ, ಅದು ಕಷ್ಟ. ನಿನಗೆ ಅದನ್ನ ಎರಡು ಸಲ ಕೂಗಿ ಹೇಳಿದೆ."

ನನಗೆ ಆ ದಿನ ನೆನಪಿದೆ. ಮೊದಲ ಸಲವೇ ಕೇಳಿಸಿತ್ತು. ಕೇಳಿಸಲಿಲ್ಲವೆಂಬಂತೆ ನಿಂತಿದ್ದೆ.

ಪಟ್ಟಿಯ ಕಥೆ ಹೇಳಿದೆ. ಜೇಬಿನಿಂದ ಟೋಪಿ ತೆಗೆದು ಕೊಟ್ಟೆ. ತೋರಿಸಬೇಡಿ ಎಂದಿದ್ದಿರಿ, ಆ ಮಾತು ಮೀರಿದೆ. ಅವಳು ಅಂಚಿನ ಗೀರಿನ ಮೇಲೆ ಬೆರಳಾಡಿಸಿದಳು. ಅಳಿಯನ ಕಡೆ ನೋಡಿ, "ಪಾಪ, ಇವರನ್ನ ಸುಮ್ಮನೆ ಬೈದೆ" ಎಂದಳು. "ಪಾಪ ಅಂತ ಇನ್ನೊಂದು ಸಲ ಗಟ್ಟಿಯಾಗಿ ಹೇಳು, ನಿಮ್ಮಪ್ಪನಿಗೂ ಕೇಳಿಸಲಿ" ಎಂದ ಅವನು.

ನಿಮಗೆ ಅವಳೇ ಫೋನು ಮಾಡುತ್ತಾಳಂತೆ. ಏನು ಮಾತಾಡುತ್ತಾಳೋ ನನಗೆ ಹೇಳಲಿಲ್ಲ.

ಇದರೊಳಗೆ ನನ್ನ ತಲೆಯ ಅಳತೆಯಿದೆ. ಹತ್ತಿಯ ದಾರ. ಎರಡು ಸಲ ಸುತ್ತಿ ನೋಡಿದ್ದೇನೆ.

ನಿಮ್ಮ ಬೀಗ


ಆಗಸ್ಟ್ 3

ಬೀಗರಿಗೆ,

ನಿಮ್ಮ ಕಾಗದವನ್ನು ನಮ್ಮವರಿಗೆ ಓದಿ ಹೇಳಿದೆ. ಪಟ್ಟಿಯ ಜಾಗಕ್ಕೆ ಬರುವಷ್ಟರಲ್ಲಿ ಅವರು ಊರುಗೋಲು ನೆಲಕ್ಕೆ ಕುಟ್ಟುತ್ತ ನಗುತ್ತಿದ್ದರು. ನಿಮ್ಮ ರಬ್ಬರಿನ ಪುಣ್ಯದಿಂದ ಸದ್ದಾಗಲಿಲ್ಲ. "ನಾವು ಬೀಗರಿಗೆ ಟೋಪಿ ಹಾಕಬಾರದು ಅಂತಿದ್ದೆವು, ಬೀಗರೇ ನಮಗೆ ಹಾಕಿದರಲ್ಲ!" ಎಂದರು.

ನಿಮ್ಮ ತಲೆಯಲ್ಲಿ ಕೂದಲಿಲ್ಲವೆಂಬುದು ನನಗೇನು ತಿಳಿಯದ ವಿಷಯವೇ? ಮೊದಲ ಕಾಗದದಲ್ಲೇ ನೀವು ಬರೆದಿದ್ದಿರಿ. ಆದರೆ ಆ ಪಟ್ಟಿಯನ್ನು ನೋಡಿದ ಗಳಿಗೆಯಿಂದ ನನಗೆ ಕಂಡದ್ದು ಒಂದೇ ತಲೆ. ಎಲ್ಲ ಮಾತೂ ಅದಕ್ಕೇ ಹೊಂದುತ್ತ ಹೋಯಿತು. ನಾನು ಕಾಯುತ್ತಿದ್ದೆನೆಂದು ನನಗೆ ಗೊತ್ತಿರಲಿಲ್ಲ.

ಸೊಸೆ ಫೋನು ಮಾಡಿದಳು. ಮಗ ಜೊತೆಯಲ್ಲಿರಲಿಲ್ಲ, ಅದು ಉಸಿರಿನಲ್ಲೇ ತಿಳಿಯಿತು. ಹೇಗಿದ್ದೀರಿ, ಹೇಗಿದ್ದೀಯ ಎಲ್ಲ ಮುಗಿಯಿತು. ಆಮೇಲೆ, "ಅತ್ತೆ, ಆ ಟೋಪಿ ಯಾವ ಉಣ್ಣೆಯದು?" ಎಂದಳು.

ಬೇರೆ ಯಾವುದೋ ಎಂದು ಹೇಳಬಹುದಿತ್ತು. ಕೆನೆಬಣ್ಣದ ಉಣ್ಣೆ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. "ಅದೇ ಕಣಮ್ಮ" ಎಂದೆ. "ಎಲ್ಲ ಬಿಚ್ಚಿಬಿಟ್ಟಿದ್ದೆ."

ತಂತಿಯ ಆ ತುದಿಯಲ್ಲಿ ಏನೂ ಇಲ್ಲ. ಅಷ್ಟು ಉದ್ದದ ಮೌನವನ್ನು ನೌಕರಿಯಲ್ಲಿದ್ದಾಗಲೂ ಕೇಳಿರಲಿಲ್ಲ. ಲೈನು ಕಡಿಯಿತೋ ಎಂದು ಕೈ ತಾನಾಗಿ ಹಳೆಯ ಅಭ್ಯಾಸದಂತೆ ಪ್ಲಗ್ಗು ಹುಡುಕಿತು.

"ಬಿಚ್ಚಿದಿರಾ? ನೀವೊಬ್ಬರೇ ಕೂತು?" ಎಂದಳು. "ನಾನು ಅದು ಎಲ್ಲೋ ಪೆಟ್ಟಿಗೆಯಲ್ಲಿ ಹಾಗೇ ಇದೆ ಅಂತ ಅಂದ್ಕೊಂಡಿದ್ದೆ ಅತ್ತೆ. ಯಾವತ್ತೋ ಒಂದಿನ ನಿಮ್ಮನೆಗೆ ಬಂದಾಗ ಎದುರಿಗೆ ಬರತ್ತೆ ಅಂತ. ಅದಕ್ಕೇ ಬರ್ತಾ ಇರಲಿಲ್ಲ."

ಎರಡು ವರ್ಷ ಅವಳು ಏನೇನೋ ನೆಪ ಹೇಳಿ ನಮ್ಮ ಮನೆಗೆ ಬರಲಿಲ್ಲ. ನನ್ನ ಮೇಲೆ ಮುನಿಸು ಎಂದುಕೊಂಡಿದ್ದೆ. ನಿಮಗೂ ಬರೆದಿರಲಿಲ್ಲ. ಅವಳು ನನ್ನ ಮನೆಯ ಒಂದು ಪೆಟ್ಟಿಗೆಗೆ ಹೆದರುತ್ತಿದ್ದಳು. ಆ ಪೆಟ್ಟಿಗೆ ಖಾಲಿಯಾಗಿತ್ತು.

"ಉಳಿದ ಉಣ್ಣೆ ಇದೆಯಾ?" ಎಂದು ಕೇಳಿದಳು. ಇದೆ ಎಂದೆ. "ಕಾಲುಚೀಲ ಹೆಣೀರಿ. ಆದರೆ ಕಳಿಸಬೇಡಿ. ನೀವೇ ತಗೊಂಡು ಬನ್ನಿ."

ಇದನ್ನು ಬರೆದು ಮುಗಿಸಲು ನನಗೆ ಇಡೀ ಬೆಳಿಗ್ಗೆ ಹಿಡಿಯಿತು. ನಿಮ್ಮ ಟೋಪಿ ಸ್ವಲ್ಪ ತಡವಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಕೆನೆಬಣ್ಣ ಈಗ ಹಂಚಿಕೊಳ್ಳುವಷ್ಟಿಲ್ಲ. ನಿಮಗೆ ಬೂದುಬಣ್ಣ.

ನಿಮ್ಮ ಬೀಗಿತ್ತಿ


ನವೆಂಬರ್ 17

ಬೀಗರೇ,

ಬಂತು. ಇಬ್ಬರೂ ಆರಾಮಾಗಿದ್ದಾರೆ. ನಿಮ್ಮ ಪಕ್ಕದ ಮನೆಗೆ ಫೋನು ಮಾಡಿ ಹೇಳಿಸಿದ್ದೇವೆ, ಅವರು ನಿಮ್ಮ ಕಿವಿಗೆ ಹೇಗೆ ಮುಟ್ಟಿಸಿದರೋ. ಆದರೂ ಕಾಗದದಲ್ಲಿ ಇರಲಿ ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅಳು ಬಹಳ ಜೋರು, ನಿಮಗೂ ಕೇಳಿಸುವಷ್ಟು.


ಡಿಸೆಂಬರ್ 20

ಬೀಗಿತ್ತಿಯವರಿಗೆ,

ನೀವು ಬೆಳಿಗ್ಗೆ ಊರಿಗೆ ಹೊರಟಿರಿ, ನಾನು ಮಧ್ಯಾಹ್ನ ಬಂದು ತಲುಪಿದೆ. ನಮ್ಮ ಎರಡು ಬಸ್ಸುಗಳು ದಾರಿಯಲ್ಲೆಲ್ಲೋ ಎದುರುಬದುರಾಗಿರಬೇಕು. ಬಾಗಿಲ ಹಿಂದಿನ ಮೊಳೆಗೆ ನನ್ನ ಟೋಪಿ ನೇತುಹಾಕಿ ಹೋಗಿದ್ದಿರಿ. ಹಾಕಿಕೊಂಡೆ. ಸರಿಯಾಗಿದೆ. ಮುಂದೆ ಗೀರು, ಹಿಂದೆ ನುಣುಪು. ಅಳಿಯ ನೋಡಿ, "ಮಾವ, ಹಿಂದುಗಡೆ ಒಳಗೂ ಹೊರಗೂ ಒಂದೇ" ಎಂದ.

ಕೂಸನ್ನು ಮಗಳು ನನ್ನ ತೊಡೆಯ ಮೇಲೆ ಮಲಗಿಸಿ ಸ್ನಾನಕ್ಕೆ ಹೋದಳು. ಅದರ ತಲೆಯೂ ನನ್ನ ಥರವೇ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಇದ್ದೆವು. ಅದು ಏನೇನೋ ಸಣ್ಣ ಸದ್ದು ಮಾಡುತ್ತಿತ್ತಂತೆ, ಅದೊಂದೂ ನನಗೆ ಕೇಳಿಸಲಿಲ್ಲ. ಬಾಯಿ ಆಡುವುದು ಕಾಣುತ್ತಿತ್ತು. ಸಾಕಾಗಿತ್ತು.

ನಿಮ್ಮ ಟೋಪಿ ತೊಡಿಸುವ ಮೊದಲು ಒಂದು ಕೆಲಸ ಮಾಡಿದೆ. ಆ ಪಟ್ಟಿ ಇನ್ನೂ ನನ್ನ ಜೇಬಿನಲ್ಲಿತ್ತು. ಈ ಸಲ ಎಳೆಯಲಿಲ್ಲ. ಕಿವಿಗಳ ಮೇಲಿಂದ ಸುಮ್ಮನೆ ಸುತ್ತಿದೆ. ತುದಿಗೆ ತುದಿ ಸೇರಿ, ಇನ್ನೂ ಒಂದು ಬೆರಳಿನಷ್ಟು ಉಳಿಯಿತು. ಅದು ಬೆಳೆಯುವುದಕ್ಕೆ.

ಮಗಳು ಬಂದು ನೋಡಿ, ಕೂಸಿಗೆ ಬೇಡವಾದ ಗಟ್ಟಿ ಧ್ವನಿಯಲ್ಲಿ, ನನಗೆ ಬೇಕಾದಷ್ಟೇ ಗಟ್ಟಿಯಾಗಿ, "ಸರಿಯಾಗಿದೆಯಾ ಅಪ್ಪಾ?" ಎಂದಳು.

ಮೊದಲ ಸಲವೇ ಕೇಳಿಸಿತು. ಸರಿಯಾಗಿದೆ ಎಂದೆ.

ಇಷ್ಟೇ ವಿಶೇಷ.

ನಿಮ್ಮ ಬೀಗ